ಆ ಐದು ಸಾಲು ಖಾಲಿ ಬಿಟ್ಟಿದ್ದು ಯಾಕೆ?

ತಿಪಟೂರಿನಿಂದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ನಾವು ನಾರ್ವೆಯ ಟ್ರಿಗ್ ಎಂಬ ಹಳೆಯ ಐಸ್ ಹಾಕಿ ಕ್ಲಬ್ಬಿನ ವರ್ಷವಾರು ಪಟ್ಟಿ ಹಾಕಿದ್ದೆವು. ಒಂದು ಕಡೆ ವರ್ಷ, ಪಕ್ಕದಲ್ಲಿ ಆ ವರ್ಷದ ರಾಷ್ಟ್ರೀಯ ಚಾಂಪಿಯನ್. ಟ್ರಿಗ್ ಗೆದ್ದ ಸಾಲುಗಳು ದಪ್ಪ ಅಕ್ಷರದಲ್ಲಿದ್ದವು. ಮೇಷ್ಟ್ರ ಆಕ್ಷೇಪ ಮೂರು. 1941ರಿಂದ 1945ರವರೆಗೆ ಐದು ಸಾಲು ಖಾಲಿ ಇವೆ, ಇದು ಅಚ್ಚಿನ ತಪ್ಪು ಇರಬೇಕು. ಆಡದಿದ್ದರೆ ಸೊನ್ನೆ ಹಾಕಿ, ಖಾಲಿ ಬಿಡಬೇಡಿ ಅನ್ನುವುದು ಮೊದಲನೆಯದು. ಪಕ್ಕದ ಪುಟದಲ್ಲಿ ಮಾದರಿಗೆಂದು ಕೊಟ್ಟ ಅಂಕಪಟ್ಟಿಯ ಕೆ, ಎಸ್, ಯು, ಟಿ ಅಕ್ಷರಗಳು ಅರ್ಥವಾಗಲಿಲ್ಲ ಅನ್ನುವುದು ಎರಡನೆಯದು. ಮೂರನೆಯದನ್ನು ಅವರ ಮಾತಿನಲ್ಲೇ ಕೊಡುತ್ತೇನೆ: "ಈಗ ಆಡದೇ ಇರುವ, ನಮಗೆ ಸಂಬಂಧವೂ ಇಲ್ಲದ ಒಂದು ತಂಡಕ್ಕೆ ಅರ್ಧ ಪುಟ ಯಾಕೆ?"

ಮೇಷ್ಟ್ರೇ, ನಮಸ್ಕಾರ.

ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡೆ. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಖಾಲಿ ಸಾಲಿಗೆ ಒಂದು ವಿವರಣೆಯನ್ನೂ ಕೊಡದೆ ಅಚ್ಚು ಹಾಕಿದ್ದು ನಮ್ಮ ತಪ್ಪು. ಆದರೆ ಸಾಲು ಖಾಲಿ ಇರುವುದು ತಪ್ಪಲ್ಲ. ಅಲ್ಲಿ ಸೊನ್ನೆ ಹಾಕಿದ್ದರೆ ಪಟ್ಟಿ ಸುಳ್ಳು ಹೇಳಿದಂತೆ ಆಗುತ್ತಿತ್ತು. ಹೇಗೆ ಅಂತ ಹೇಳಬೇಕಾದರೆ ಮೊದಲಿನಿಂದ ಶುರು ಮಾಡಬೇಕು.

ನಾರ್ವೆ ಹಿಮದ ದೇಶ. ಅಲ್ಲಿ ಐಸ್ ಹಾಕಿ ನೂರಾರು ವರ್ಷದಿಂದ ಇದ್ದಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿಲ್ಲ. ಅಲ್ಲಿಯವರ ಪ್ರೀತಿಯೆಲ್ಲ ಸ್ಕೀ ಮತ್ತು ಸ್ಕೇಟಿಂಗ್ ಓಟದ ಮೇಲೆ ಇತ್ತು. ಮಂಜುಗಡ್ಡೆ ಮೇಲೆ ಗುಂಪಾಗಿ ಆಡುವ ಆಟ ಅಂದರೆ ಬ್ಯಾಂಡಿ. ಅದನ್ನು ಚೆಂಡಿನಲ್ಲಿ, ಒಂದು ಕಡೆಗೆ 11 ಜನ, ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಜಾಗದಲ್ಲಿ ಆಡುತ್ತಾರೆ. ಚಿಕ್ಕ ಅಂಗಳದಲ್ಲಿ, ಆರಾರು ಜನ, 'ಪಕ್' ಎಂಬ ಚಪ್ಪಟೆ ಬಿಲ್ಲೆ ಇಟ್ಟುಕೊಂಡು ಆಡುವ ಐಸ್ ಹಾಕಿ ಅಲ್ಲಿಗೆ ತಡವಾಗಿ ಬಂತು. ನಾರ್ವೆಯ ಐಸ್ ಹಾಕಿ ಸಂಘ ಹುಟ್ಟಿದ್ದು 1934ರ ಸೆಪ್ಟೆಂಬರಿನಲ್ಲಿ. ಆ ಚಳಿಗಾಲದಲ್ಲೇ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಗೆದ್ದಿದ್ದು ಆಸ್ಲೋದ ಟ್ರಿಗ್.

ಇಲ್ಲೊಂದು ಸಣ್ಣ ವಿಷಯ. ಐಸ್ ಹಾಕಿ ಸೀಸನ್ ಎರಡು ವರ್ಷಕ್ಕೆ ಸೇರಿದ್ದು. ಒಂದು ವರ್ಷದ ಕೊನೆಗೆ ಶುರುವಾಗಿ ಮುಂದಿನ ವರ್ಷದ ಮೊದಲ ತಿಂಗಳುಗಳಲ್ಲಿ ಮುಗಿಯುತ್ತದೆ. ಪಟ್ಟಿಯಲ್ಲಿ 1935 ಅಂತ ಇದ್ದರೆ ಅದು 1934–35ರ ಚಳಿಗಾಲ. ಇದನ್ನು ನಾವು ಹೇಳಬೇಕಿತ್ತು. "1934ರಲ್ಲಿ ಸಂಘ, 1935ರಲ್ಲಿ ಗೆಲುವು, ಮಧ್ಯದ ವರ್ಷ ಎಲ್ಲಿ ಹೋಯಿತು?" ಅಂತ ನೀವು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಮಧ್ಯದಲ್ಲಿ ವರ್ಷ ಇಲ್ಲ, ಒಂದೇ ಚಳಿಗಾಲ.

ಟ್ರಿಗ್ ಕ್ಲಬ್ಬಿನ ಪೂರ್ತಿ ಹೆಸರನ್ನು ಕನ್ನಡಕ್ಕೆ ತಂದರೆ 'ಸ್ಕೀ ಮತ್ತು ಫುಟ್‌ಬಾಲ್ ಕ್ಲಬ್ ಟ್ರಿಗ್' ಅಂತಾಗುತ್ತದೆ. ಟ್ರಿಗ್ ಅಂದರೆ ಭದ್ರ, ಸುರಕ್ಷಿತ. ಹೆಸರಿನಲ್ಲಿ ಐಸ್ ಹಾಕಿ ಇಲ್ಲವೇ ಇಲ್ಲ ನೋಡಿ. ದೇಶದ ಮೊದಲ ಐಸ್ ಹಾಕಿ ಚಾಂಪಿಯನ್ ತಂಡದ ಹೆಸರಲ್ಲಿ ಆ ಆಟವೇ ಇಲ್ಲ! ಈ ಪಟ್ಟಿ ಮಾಡುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದೇ ಈ ಸಂಗತಿ. ಆ ಕಾಲದ ಕ್ಲಬ್ ಹಾಗೆಯೇ ಇರುತ್ತಿತ್ತು. ಬೇಸಿಗೆಗೆ ಫುಟ್‌ಬಾಲ್, ಚಳಿಗಾಲಕ್ಕೆ ಸ್ಕೀ. ನೀರು ಗಟ್ಟಿಯಾದರೆ ಮಂಜಿನ ಮೇಲಿನ ಆಟ. ಐಸ್ ಹಾಕಿಗೆ ಅಂತಲೇ ಮೀಸಲಾದ ಅಂಗಳ ಬೇಕು ಅನ್ನುವ ಯೋಚನೆ ಇನ್ನೂ ಬಲವಾಗಿರಲಿಲ್ಲ.

1936 ಮತ್ತು 1937ರಲ್ಲಿ ಗ್ರಾನೆ ಎಂಬ ತಂಡ ಗೆದ್ದಿತು. ಗ್ರಾನೆ ಅನ್ನುವುದು ಅಲ್ಲಿಯ ಹಳೆಯ ವೀರಗಾಥೆಯೊಂದರಲ್ಲಿ ನಾಯಕನ ಕುದುರೆಯ ಹೆಸರು. 1938ರಲ್ಲಿ ಟ್ರಿಗ್ ಮತ್ತೆ ಗೆದ್ದಿತು. 1939, 1940 ಮತ್ತೆ ಗ್ರಾನೆಗೆ. ಆರು ವರ್ಷ, ಎರಡೇ ಹೆಸರು. ಈ ಆರು ಸಾಲಿನಲ್ಲಿ ಪೈಪೋಟಿ ಕಾಣುತ್ತದೆ ನಿಜ. ಆದರೆ ಆಟ ಎಷ್ಟು ಕೆಲವೇ ಕೈಗಳಲ್ಲಿ ಇತ್ತು ಅನ್ನುವುದೂ ಕಾಣುತ್ತದೆ.

ಈ ಪಟ್ಟಿಯಲ್ಲಿ ಕಾಣದವರೂ ಇದ್ದಾರೆ. ನಾರ್ವೆಯಲ್ಲಿ 1924ರಲ್ಲಿ ಕಾರ್ಮಿಕರು ತಮ್ಮದೇ ಕ್ರೀಡಾ ಒಕ್ಕೂಟ ಕಟ್ಟಿಕೊಂಡಿದ್ದರು. ಅವರ ಸ್ಪರ್ಧೆಗಳೇ ಬೇರೆ. ಆ ಒಕ್ಕೂಟದ ಕ್ಲಬ್ಬುಗಳ ಆಟ ಈ ಪಟ್ಟಿಯಲ್ಲಿ ಸಿಗುವುದಿಲ್ಲ. ರಾಷ್ಟ್ರೀಯ ಚಾಂಪಿಯನ್ ಅಂತ ಓದುವಾಗ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಈಗ ನಿಮ್ಮ ಐದು ಸಾಲಿಗೆ ಬರುತ್ತೇನೆ.

1940ರ ಏಪ್ರಿಲ್ 9ರಂದು ಜರ್ಮನಿ ನಾರ್ವೆಯ ಮೇಲೆ ದಾಳಿ ಮಾಡಿತು. ಅಷ್ಟರಲ್ಲಿ ಆ ಚಳಿಗಾಲದ ಆಟ ಮುಗಿದಿತ್ತು. ಅದಕ್ಕೇ 1940ರ ಸಾಲಿನಲ್ಲಿ ಗ್ರಾನೆ ಹೆಸರು ಇದೆ. ಆ ವರ್ಷದ ಕೊನೆಗೆ ದೇಶವನ್ನು ಹಿಡಿದಿದ್ದವರು ಕ್ರೀಡಾ ಸಂಘಗಳನ್ನೂ ತಮ್ಮ ಕೈಗೆ ತೆಗೆದುಕೊಳ್ಳಲು ಹೊರಟರು. ಆಯ್ಕೆಯಾದ ಪದಾಧಿಕಾರಿಗಳ ಜಾಗಕ್ಕೆ ತಮ್ಮವರನ್ನು ಕೂರಿಸಲು ನೋಡಿದರು. ಆಗ ಆಟಗಾರರು ಏನು ಮಾಡಿದರು ಗೊತ್ತಾ ಮೇಷ್ಟ್ರೇ? ಆಡುವುದನ್ನೇ ಬಿಟ್ಟರು. ಒಬ್ಬಿಬ್ಬರು ಅಲ್ಲ, ದೇಶದ ಬಹುಪಾಲು ಆಟಗಾರರು. ಜನ ನೋಡಲು ಹೋಗುವುದನ್ನೂ ನಿಲ್ಲಿಸಿದರು. ಹೊಸ ಆಡಳಿತ ಏರ್ಪಡಿಸಿದ ಪಂದ್ಯಗಳು ಖಾಲಿ ಮೈದಾನಗಳಲ್ಲಿ ನಡೆದವು. ನಾರ್ವೆಯವರು ಇದನ್ನು ಇವತ್ತಿಗೂ ಕ್ರೀಡಾ ಮುಷ್ಕರ ಅನ್ನುತ್ತಾರೆ. ಯುದ್ಧ ಮುಗಿಯುವವರೆಗೂ ಅದು ಮುಂದುವರಿಯಿತು.

ಆಡುವ ಆಸೆ ಸತ್ತಿರಲಿಲ್ಲ. ಕಾಡಿನ ಒಳಗೆ, ಊರಿಂದ ದೂರ, ಕದ್ದು ಸ್ಪರ್ಧೆ ನಡೆಸುತ್ತಿದ್ದರು. ಸಿಕ್ಕಿಬಿದ್ದರೆ ಬಂಧನದ ಭಯ ಇತ್ತು. ಆ ಆಟಗಳು ಯಾವ ರಾಷ್ಟ್ರೀಯ ಪಟ್ಟಿಗೂ ಬರಲಿಲ್ಲ.

ಈಗ ನೀವೇ ಹೇಳಿ, ಆ ಸಾಲುಗಳಲ್ಲಿ ಸೊನ್ನೆ ಹಾಕಬಹುದೇ? ಸೊನ್ನೆ ಅಂದರೆ ಆಡಿದರು, ಏನೂ ಸಿಗಲಿಲ್ಲ ಅಂತ. ಎಂಟು ಪಂದ್ಯ ಆಡಿ ಎಂಟೂ ಸೋತರೆ ಗೆಲುವಿನ ಕಾಲಂನಲ್ಲಿ ಸೊನ್ನೆ ಬರೆಯಬೇಕು. 1952ರ ಆಸ್ಲೋ ಒಲಿಂಪಿಕ್ಸಿನಲ್ಲಿ ನಾರ್ವೆ ತಂಡಕ್ಕೆ ಹಾಗೇ ಆಯಿತು. ಅದು ಮರ್ಯಾದೆಯ ಸೊನ್ನೆ, ಬೆವರಿನ ಸೊನ್ನೆ. 1941ರಿಂದ 1945ರ ಸಾಲುಗಳು ಹಾಗಲ್ಲ. ಅಲ್ಲಿ ಆಟಗಾರರು ಬೇಕೆಂದೇ ಆಡಲಿಲ್ಲ. ಆಡಲು ಆಗದಿದ್ದದ್ದು ಬೇರೆ, ಆಡೆವು ಅಂದಿದ್ದು ಬೇರೆ. ಇಪ್ಪತ್ತು, ಇಪ್ಪತ್ತೆರಡು ವಯಸ್ಸಿನ ಹುಡುಗರಿಗೆ ಆ ಐದು ಚಳಿಗಾಲ ಅಂದರೆ ಆಟದ ಬದುಕಿನ ಒಳ್ಳೆಯ ಕಾಲವೆಲ್ಲ ಮುಗಿದಂತೆ. ಆ ಸಾಲುಗಳನ್ನು ತೆಗೆದುಹಾಕಿ 1940ರ ಕೆಳಗೆ ನೇರವಾಗಿ 1946 ಬರೆದರೆ ಪಟ್ಟಿ ನೋಡಲು ಚೆನ್ನಾಗಿರುತ್ತದೆ. ನಮ್ಮ ಪುಟ ಜೋಡಿಸುವವರೂ ಜಾಗ ಉಳಿಯುತ್ತದೆ ಅಂತ ಹಾಗೇ ಕೇಳಿದ್ದರು. ನಾನು ಒಪ್ಪಲಿಲ್ಲ.

ಎರಡನೇ ಪ್ರಶ್ನೆಗೆ ಬೇಗ ಉತ್ತರಿಸುತ್ತೇನೆ. ಅವು ನಾರ್ವೆ ಭಾಷೆಯ ಪದಗಳ ಮೊದಲಕ್ಷರಗಳು. ಕೆ ಅಂದರೆ 'ಕಾಂಪೆರ್', ಆಡಿದ ಪಂದ್ಯಗಳು. ಎಸ್ 'ಸೈಯೆರ್', ಗೆಲುವು. ಯು 'ಉಆವ್ಯುರ್ಟ್', ಸಮ. ಟಿ 'ಟಾಪ್', ಸೋಲು. ಹಳೆಯ ಪಟ್ಟಿಗಳಲ್ಲಿ ಗೆಲುವಿಗೆ 2 ಅಂಕ, ಸಮಕ್ಕೆ 1. ಈಗ 60 ನಿಮಿಷದೊಳಗೆ ಗೆದ್ದರೆ 3, ಹೆಚ್ಚುವರಿ ಆಟದಲ್ಲಿ ಗೆದ್ದರೆ 2, ಅಲ್ಲಿ ಸೋತವರಿಗೆ 1. ಪಂದ್ಯ ಸಮ ಆಗಿ ಮುಗಿಯುವುದೇ ಇಲ್ಲ. ಹೀಗಾಗಿ ಹಳೆಯ ತಂಡದ ಅಂಕವನ್ನು ಹೊಸ ತಂಡದ ಅಂಕದ ಪಕ್ಕ ಇಟ್ಟು ಹೋಲಿಸಬೇಡಿ. ಇನ್ನೊಂದು ಮಾತು. ಈಗ ಲೀಗಿನಲ್ಲಿ ಮೊದಲ ಸ್ಥಾನ ಬಂದ ತಂಡವೇ ನಾರ್ವೆ ಚಾಂಪಿಯನ್ ಆಗಬೇಕಿಲ್ಲ. ಲೀಗಿನ ನಂತರದ ನಾಕೌಟ್ ಸುತ್ತುಗಳಲ್ಲಿ ಗೆದ್ದವರಿಗೇ ಆ ಹೆಸರು.

ಅಂಕಿಗಳು ಎಷ್ಟನ್ನು ಮುಚ್ಚಿಡುತ್ತವೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ, ನಿಮಗೆ ಇಷ್ಟವಾಗುತ್ತದೆ. 2017ರ ಮಾರ್ಚ್ 12ರಂದು ಹಾಮರ್ ಊರಿನಲ್ಲಿ ಸ್ಟೂರ್‌ಹಾಮರ್ ಮತ್ತು ಸ್ಪಾರ್ಟಾ ತಂಡಗಳು ಆಡಿದವು. ಫಲಿತಾಂಶ 2–1. ಪಟ್ಟಿಯಲ್ಲಿ ಅಷ್ಟೇ ಇರುತ್ತದೆ. ಆದರೆ ಆ ಪಂದ್ಯ ನಡೆದಿದ್ದು 217 ನಿಮಿಷ 14 ಸೆಕೆಂಡು! 60 ನಿಮಿಷದ ಆಟ ಸಮವಾಗಿ ಮುಗಿದ ಮೇಲೆ ಇಪ್ಪತ್ತಿಪ್ಪತ್ತು ನಿಮಿಷದ ಹೆಚ್ಚುವರಿ ಆಟ ಒಂದಾದ ಮೇಲೆ ಒಂದು ಬಂತು. ಎಂಟನೆಯದರಲ್ಲಿ ಯೋಕಿಮ್ ಯೆನ್ಸನ್ ಗೋಲು ಹೊಡೆದರು. ಅಷ್ಟು ಹೊತ್ತಿಗೆ ಮಧ್ಯರಾತ್ರಿ ಕಳೆದು ಎರಡೂವರೆ ಆಗಿತ್ತು. ದಾಖಲೆಯಲ್ಲಿರುವ ಅತಿ ದೀರ್ಘ ಐಸ್ ಹಾಕಿ ಪಂದ್ಯ ಅದು. ಸೀಸನ್ ಪಟ್ಟಿಯಲ್ಲಿ ಅದೂ ಒಂದು ಗೆಲುವು ಅಷ್ಟೇ.

ಇನ್ನು ನಿಮ್ಮ ಮೂರನೇ ಪ್ರಶ್ನೆ. ಮೊದಲ ಚಾಂಪಿಯನ್ ಆದ ತಂಡ 1938ರ ನಂತರ ಮತ್ತೆ ಆ ಪಟ್ಟಿಗೆ ಬರಲೇ ಇಲ್ಲ. ಇವತ್ತು ನಾರ್ವೆಯ ದೊಡ್ಡ ಲೀಗಿನಲ್ಲಿ ಟ್ರಿಗ್ ಹೆಸರಿಲ್ಲ. ಇದಕ್ಕೆ ಯುದ್ಧ ಒಂದೇ ಕಾರಣ ಅಂತ ನನಗೆ ಅನಿಸುವುದಿಲ್ಲ. ಮುಂದಿನ ವರ್ಷಗಳ ಹೆಸರುಗಳನ್ನು ಓದಿದರೆ ಇನ್ನೊಂದು ಕಾರಣ ಕಾಣುತ್ತದೆ. ಅದು ಮಂಜುಗಡ್ಡೆ.

1930ರ ದಶಕದ ಮಂಜುಗಡ್ಡೆ ದೇವರು ಕೊಟ್ಟದ್ದು. ಬಯಲಿಗೆ ನೀರು ಹಾಯಿಸಿ ರಾತ್ರಿಯ ಚಳಿಗೆ ಬಿಡಬೇಕು. ಹಿಮ ಬಿದ್ದರೆ ಸಲಿಕೆ ಹಿಡಿದು ತೆಗೆಯಬೇಕು. ಎರಡು ದಿನ ಸ್ವಲ್ಪ ಬಿಸಿಲು ಬಂದರೆ ಆಟ ಇಲ್ಲ. ಅಂಥ ಕಾಲದಲ್ಲಿ ಸ್ಕೀ ಮತ್ತು ಫುಟ್‌ಬಾಲ್ ಕ್ಲಬ್ ಕೂಡ ಚಾಂಪಿಯನ್ ಆಗಬಹುದಿತ್ತು. ಎಲ್ಲರ ಹತ್ತಿರ ಇದ್ದದ್ದೂ ಅದೇ ಚಳಿ, ಅದೇ ಸಲಿಕೆ.

1951ರಲ್ಲಿ ಆಸ್ಲೋದ ಪೂರ್ವ ಭಾಗದಲ್ಲಿ ಯೋರ್ಡಾಲ್ ಆಂಫಿ ಎಂಬ ಅಂಗಳ ಶುರುವಾಯಿತು. ಮುಂದಿನ ವರ್ಷದ ಒಲಿಂಪಿಕ್ಸಿಗಾಗಿ ಕಟ್ಟಿದ್ದು. ಮೊದಲು ಚಾವಣಿ ಇರಲಿಲ್ಲ. ಆದರೆ ನೆಲದ ಕೆಳಗೆ ಕೊಳವೆಗಳಿದ್ದವು. ಯಂತ್ರದಿಂದ ತಣ್ಣಗಾದ ದ್ರವ ಆ ಕೊಳವೆಗಳಲ್ಲಿ ಹರಿಯುತ್ತದೆ. ಮೇಲೆ ತೆಳುವಾಗಿ ನೀರು ಚಿಮುಕಿಸಿದರೆ ಪದರದ ಮೇಲೆ ಪದರ ಗಟ್ಟಿಯಾಗುತ್ತದೆ. ಇನ್ನು ಹವಾಮಾನ ನೋಡಿ ಅಭ್ಯಾಸ ಮಾಡುವ ಗೋಜಿಲ್ಲ.

ಈಗ ಚಾಂಪಿಯನ್ ಪಟ್ಟಿ ನೋಡಿ. 1955, 1956, 1958, 1959ರಲ್ಲಿ ಗಾಮ್ಲೆಬಿಯೆನ್. ಆ ಹೆಸರಿನ ಅರ್ಥ ಹಳೇಪೇಟೆ. 1960ರಲ್ಲಿ ವೋಲೆರೆಂಗಾ ಮೊದಲ ಸಲ ಗೆದ್ದಿತು. 1964ರಲ್ಲಿ ಗಾಮ್ಲೆಬಿಯೆನ್ ಕೊನೆಯ ಸಲ. 1965ರಿಂದ 1971ರವರೆಗೆ ಸತತ ಏಳು ವರ್ಷ ವೋಲೆರೆಂಗಾ. ಗಾಮ್ಲೆಬಿಯೆನ್ ಮತ್ತು ವೋಲೆರೆಂಗಾ ಎರಡೂ ಆಸ್ಲೋದ ಪೂರ್ವ ಭಾಗದ ಪೇಟೆಗಳ ಹೆಸರು. ಯೋರ್ಡಾಲ್‌ನಿಂದ ಎರಡಕ್ಕೂ ನಡೆದುಕೊಂಡೇ ಹೋಗಬಹುದು. ಸ್ಕೇಟ್ಸ್ ಹೆಗಲಿಗೆ ನೇತುಹಾಕಿಕೊಂಡು ಸಂಜೆ ಅಂಗಳಕ್ಕೆ ಹೋಗುವ ಹುಡುಗರ ಊರು ಗೆದ್ದಿತು ಅಂತ ನಾನು ಓದಿಕೊಳ್ಳುತ್ತೇನೆ. ಇದು ನನ್ನ ಅಭಿಪ್ರಾಯ. ನೀವು ಬೇರೆ ರೀತಿ ಓದಿದರೆ ದಯವಿಟ್ಟು ಬರೆಯಿರಿ.

ಆ ಗಾಮ್ಲೆಬಿಯೆನ್ ಹೆಸರೂ 1964ರ ನಂತರ ಚಾಂಪಿಯನ್ ಪಟ್ಟಿಯಲ್ಲಿ ಇಲ್ಲ. ಹಳೆಯ ಯೋರ್ಡಾಲ್ ಕಟ್ಟಡವನ್ನೂ ಕೆಡವಿ ಅಲ್ಲೇ ಹೊಸದು ಕಟ್ಟಿದರು, 2020ರಲ್ಲಿ ತೆರೆಯಿತು.

ಕ್ಲಬ್ ಸತ್ತಿತು ಅಂತ ಬರೆಯುವಾಗ ನಾನು ಯಾಕೆ ತಡೆಯುತ್ತೇನೆ ಅಂತಲೂ ಹೇಳಬೇಕು. ಹೊಸ ಕಾಲದ ಪಟ್ಟಿಗಳಲ್ಲಿ ಕೊನೆಯ ಸಾಲಿನ ಪಕ್ಕ 'ಕಾಂಕುರ್ಸ್' ಅಂತ ಇರುತ್ತದೆ. ದಿವಾಳಿ ಅಂತ ಅರ್ಥ. ಆದರೆ ನಾರ್ವೆಯ ಕ್ರೀಡಾ ನಿಯಮದಂತೆ ಕ್ಲಬ್ ಅದರ ಸದಸ್ಯರದ್ದು, ಯಾರೂ ಕೊಳ್ಳುವಂತಿಲ್ಲ. ದೊಡ್ಡ ತಂಡದ ಹಣದ ವ್ಯವಹಾರ ನೋಡಲು ಪಕ್ಕದಲ್ಲೊಂದು ಕಂಪನಿ ಇರಬಹುದು. ದಿವಾಳಿ ಆಗುವುದು ಎಷ್ಟೋ ಸಲ ಆ ಕಂಪನಿ. ಮಕ್ಕಳ ತಂಡಗಳು ಅದೇ ಅಂಗಳದಲ್ಲಿ ಆಡುತ್ತಲೇ ಇರುತ್ತವೆ. ಹೆಸರು ಬದಲಾಗುವುದೂ ಇದೆ. 2002ರ ಚಾಂಪಿಯನ್ ಫ್ರಿಸ್ಕ್ ಟೈಗರ್ಸ್, 2019ರ ಚಾಂಪಿಯನ್ ಫ್ರಿಸ್ಕ್ ಆಸ್ಕರ್. ಎರಡೂ ಒಂದೇ ಕ್ಲಬ್. ಸುಮ್ನೆ ಪಟ್ಟಿ ಓದಿದವರು ಒಂದು ಸತ್ತು ಇನ್ನೊಂದು ಹುಟ್ಟಿತು ಅಂದುಕೊಳ್ಳುತ್ತಾರೆ.

ಅರ್ಧ ಪುಟ ಯಾಕೆ ಅಂತ ಕೇಳಿದ್ದೀರಿ. ನಡೆಯುತ್ತಿರುವ ಕ್ಲಬ್ಬಿಗೆ ಅದರ ಲೆಕ್ಕ ಇಡುವವರು ಇರುತ್ತಾರೆ. ಅಭಿಮಾನಿಗಳು ಇರುತ್ತಾರೆ, ತಪ್ಪಾದರೆ ಜಗಳಕ್ಕೆ ಬರುತ್ತಾರೆ. ಟ್ರಿಗ್ ಪರವಾಗಿ ಜಗಳಕ್ಕೆ ಬರುವವರು ಈಗ ಯಾರಿದ್ದಾರೆ? 1935ರಲ್ಲಿ ಗೆದ್ದ ಆ ಹುಡುಗರ ಮೊದಲ ಸಾಲನ್ನು ತಪ್ಪಿಲ್ಲದೆ ಅಚ್ಚು ಹಾಕುವುದು ನಮ್ಮಂಥ ಪತ್ರಿಕೆಯ ಕೆಲಸ ಅಂತ ನಾನು ಮನಸಾರೆ ನಂಬುತ್ತೇನೆ. ದೂರದ ದೇಶದ್ದು ಅನ್ನುವುದು ನನಗೆ ಅಡ್ಡಿಯಾಗಲಿಲ್ಲ. ನಿಮಗೂ ಆಗಲಿಲ್ಲ. ಆಗಿದ್ದರೆ ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಪರೀಕ್ಷೆ ಮಾಡುತ್ತಿರಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಅದೇ ಪಟ್ಟಿಯನ್ನು ಮತ್ತೆ ಹಾಕುತ್ತೇವೆ. ಐದು ಸಾಲು ಖಾಲಿಯಾಗಿಯೇ ಇರುತ್ತವೆ. ಈ ಸಲ ಕೆಳಗೆ ಎರಡು ವಾಕ್ಯದ ಟಿಪ್ಪಣಿ ಇರುತ್ತದೆ. ಸೀಸನ್‌ಗಳನ್ನು 1934–35 ಅಂತ ಪೂರ್ತಿ ಬರೆಯುತ್ತೇವೆ, ಅಕ್ಷರಗಳಿಗೆ ಕನ್ನಡ ಅರ್ಥ ಕೊಡುತ್ತೇವೆ. ಟಿಪ್ಪಣಿಯ ಕರಡನ್ನು ನಿಮ್ಮ ವಿಳಾಸಕ್ಕೆ ಇವತ್ತೇ ಅಂಚೆಗೆ ಹಾಕಿದ್ದೇನೆ. ಓದಿ, ತಿದ್ದಿ, ತಿಂಗಳ 20ರೊಳಗೆ ಕಳಿಸಿಕೊಡಿ.

— ಸಂಪಾದಕ