ದೇವರನ್ನು ನಂಬದವರು ದೇವರ ಕಾಲೇಜಿನಲ್ಲಿ

ಪ್ರಶ್ನೆ: ನನಗೆ ದೇವರಲ್ಲಿ ನಂಬಿಕೆ ಇಲ್ಲ. ಅಮೆರಿಕದ ಒಂದು ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಡಿಗ್ರಿಗೆ ಸೀಟು ಸಿಕ್ಕಿದೆ, ಜೊತೆಗೆ ಸ್ಕಾಲರ್‌ಶಿಪ್ಪೂ ಇದೆ. ದಿನಾ ಪ್ರಾರ್ಥನೆಗೆ ಕೂರಿಸ್ತಾರಾ? ಥಿಯಾಲಜಿ, ಅಂದರೆ ದೇವರು-ಧರ್ಮದ ಬಗೆಗಿನ ಪಾಠ, ಕಡ್ಡಾಯವಂತೆ. ನಾಲ್ಕು ವರ್ಷ ನಾಟಕ ಮಾಡಿಕೊಂಡು ಇರಬೇಕಾ?

ಉತ್ತರ: ನಾಟಕ ಬೇಕಿಲ್ಲ. ಮೊದಲ ವಾರ ಮಾತ್ರ ಕೈ ಎಲ್ಲಿಡಬೇಕು ಅಂತ ತಿಳಿಯುವುದಿಲ್ಲ.

ನಾನು ಓದಿದ್ದೂ ಅಂಥದ್ದೇ ಕಡೆ. ನಂಬಿಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮೊದಲ ದಿನ ಮೇಷ್ಟ್ರು ಒಳಗೆ ಬಂದವರೇ ಪ್ರಾರ್ಥನೆ ಶುರು ಮಾಡಿದರು. ಅಕ್ಕಪಕ್ಕದವರೆಲ್ಲ ತಲೆ ತಗ್ಗಿಸಿದರು. ನಾನು ಸುಮ್ನೆ ಸ್ಟೀಲ್ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದೆ. ಅದು ಕೈಜಾರಿ ಟಣ್ ಅಂತ ಬಿತ್ತು, ಉರುಳುತ್ತಾ ಮೇಷ್ಟ್ರ ಕಾಲ ಬಳಿ ಹೋಗಿ ನಿಂತಿತು. ಆಮೆನ್ ಆದ ಮೇಲೆ ಅವರೇ ಎತ್ತಿ ಕೊಟ್ಟು ಪಾಠಕ್ಕೆ ಹೋದರು. ಮುಚ್ಚಳ ಎಲ್ಲಿ ಹೋಯಿತು ಅಂತ ನೋಡುವಾಗ ಇನ್ನೂ ಮೂವರು ತಲೆ ಎತ್ತಿಕೊಂಡೇ ಇದ್ದದ್ದು ಕಂಡಿತು. ಆಮೇಲೆ ನನಗೆ ಗೆಳೆಯರಾದವರು ಅವರೇ.

ಥಿಯಾಲಜಿಗೆ ಹೆದರಬೇಡಿ. ನೋಟರ್ ಡೇಮ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಎರಡು ಕೋರ್ಸ್ ಕಡ್ಡಾಯ, ಅಂಥದ್ದೇ ಆದ ಜಾರ್ಜ್‌ಟೌನ್‌ನಲ್ಲೂ ಎರಡು. ಜಾರ್ಜ್‌ಟೌನ್‌ನಲ್ಲಿ ಅದಕ್ಕೆಂದು ಹೆಚ್ಚಿನವರು ಓದುವ ಕೋರ್ಸಿನ ಹೆಸರೇ 'ದೇವರೆಂಬ ಸಮಸ್ಯೆ'! ಇಲ್ಲಿ ಅಂಕ ಸಿಗುವುದು ಓದಿಗೆ, ಭಕ್ತಿಗೆ ಅಲ್ಲ. ನನ್ನ ಮೊದಲ ಪ್ರಬಂಧದಲ್ಲಿ ಬೈಬಲ್ಲನ್ನು ಜಾಣತನದಿಂದ ಗೇಲಿ ಮಾಡಿದ್ದೆ. ಪಾದ್ರಿ ಮೇಷ್ಟ್ರು ಕಡಿಮೆ ಅಂಕ ಕೊಟ್ಟು, 'ನಗು ಬಂತು. ವಾದ ಎಲ್ಲಿ?' ಅಂತ ಬರೆದಿದ್ದರು. ಎರಡು ದಿನ ಉರಿದುಕೊಂಡೆ. ಆಮೇಲೆ ಮತ್ತೆ ಓದಿ ನೋಡಿದರೆ, ವಾದ ನಿಜಕ್ಕೂ ಇರಲಿಲ್ಲ.

ಕಿರಿಕಿರಿ ಆಗುವುದು ಕ್ಲಾಸಿನ ಹೊರಗೆ. ನೋಟರ್ ಡೇಮ್‌ನಲ್ಲಿ ಹುಡುಗ ಹುಡುಗಿಯರಿಗೆ ಬೇರೆ ಬೇರೆ ಹಾಸ್ಟೆಲ್. ಹುಡುಗರ ರೂಮಿಗೆ ಹುಡುಗಿಯರೋ, ಹುಡುಗಿಯರ ರೂಮಿಗೆ ಹುಡುಗರೋ ಬಂದಿದ್ದರೆ ವಾರದ ದಿನಗಳಲ್ಲಿ ರಾತ್ರಿ 12ಕ್ಕೆ, ಶುಕ್ರವಾರ ಶನಿವಾರ 2ಕ್ಕೆ ಹೊರಡಬೇಕು. ನೀವು ನಂಬಿದರೂ ಬಿಟ್ಟರೂ ಈ ನಿಯಮ ಒಂದೇ. ನಾನು ಓದಿದ ಕಾಲೇಜಿನಲ್ಲಿ ನಂಬದವರು ಹನ್ನೊಂದು ಜನ ಸೇರಿ ಒಂದು ಕ್ಲಬ್‌ಗೆ ಅರ್ಜಿ ಹಾಕಿದೆವು. 'ಸಂಸ್ಥೆಯ ಧ್ಯೇಯಕ್ಕೆ ಹೊಂದುವುದಿಲ್ಲ' ಅಂತ ವಾಪಸ್ ಬಂತು. ಚೆಸ್ ಕ್ಲಬ್‌ಗೆ ರೂಮು ಕೊಟ್ಟವರು ನಮಗೆ ಕೊಡಲಿಲ್ಲ. ಒಂದೂವರೆ ವರ್ಷ ಹಾಸ್ಟೆಲಿನ ಲಾಂಡ್ರಿ ರೂಮಿನಲ್ಲೇ ಸೇರುತ್ತಿದ್ದೆವು. ಡ್ರೈಯರ್ ಸದ್ದಿಗೆ ಕೂಗಿ ಮಾತಾಡಬೇಕಿತ್ತು. ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಇನ್ನೊಂದು ಮಾತು. ಧರ್ಮದ ಹೆಸರಿರುವ ಕಾಲೇಜುಗಳೆಲ್ಲ ಒಂದೇ ಥರ ಅಲ್ಲ. ಟೆಕ್ಸಸ್‌ನ ಬೇಲರ್ ಬ್ಯಾಪ್ಟಿಸ್ಟರೆಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಗಡದವರದ್ದು, ಅಲ್ಲಿ ಕ್ಯಾಂಪಸ್ಸಿನಲ್ಲಿ ಡಾನ್ಸಿಗೆ ಒಪ್ಪಿಗೆ ಸಿಕ್ಕಿದ್ದೇ 1996ರಲ್ಲಿ. ಯೂಟಾದ ಬ್ರಿಗ್‌ಹ್ಯಾಮ್ ಯಂಗ್ ಮಾರ್ಮನ್ನರೆಂಬ ಇನ್ನೊಂದು ಪಂಗಡದವರದ್ದು, ಅಲ್ಲಿ ಇನ್ನೂ ಬಿಗಿ. ಮದ್ಯ ಇರಲಿ, ಟೀ ಕಾಫಿಯೂ ಕುಡಿಯುವುದಿಲ್ಲ ಅಂತ ಒಪ್ಪಿಕೊಳ್ಳಬೇಕು. ಗಡ್ಡ ಬಿಡಲು ಪರವಾನಗಿ ಬೇಕು. ಧರ್ಮಗುರುಗಳ ಒಪ್ಪಿಗೆ ಪತ್ರವೂ ಬೇಕು. ವಿಚಿತ್ರ ಅಂದರೆ, ಮಾರ್ಮನ್ ಅಲ್ಲದವರು ಜಾಸ್ತಿ ಫೀಸು ಕಟ್ಟಿ ಅಲ್ಲಿ ಓದಬಹುದು. ಮಾರ್ಮನ್ ಆಗಿ ಸೇರಿ, ನಡುವೆ ಚರ್ಚ್ ಬಿಟ್ಟವರಿಗೆ ಮಾತ್ರ ಸೀಟೇ ಹೋಗುವ ಭಯ. ಹೊರಗಿನವರಿಗಿಂತ ಒಳಗಿನಿಂದ ಹೊರಬಿದ್ದವರಿಗೇ ಕಷ್ಟ, ಅಲ್ವಾ?

ನಿಮ್ಮದು ಕ್ಯಾಥೊಲಿಕ್ ಅಂದಿರಿ, ಹಾಗಾಗಿ ಇಷ್ಟೊಂದು ಬಿಗಿ ಇರಲಾರದು. ಆದರೂ ಬ್ರೋಷರ್ ಪಕ್ಕಕ್ಕಿಟ್ಟು ವಿದ್ಯಾರ್ಥಿ ಕೈಪಿಡಿ ಓದಿ. ಏನಕ್ಕೆಲ್ಲ ಸಹಿ ಹಾಕಬೇಕು, ಯಾವುದಕ್ಕೆ ಹಾಜರಾತಿ ಇದೆ, ಕ್ಲಬ್ ಶುರು ಮಾಡಲು ಯಾರ ಒಪ್ಪಿಗೆ ಬೇಕು ಅಂತ ನೋಡಿ. ಪೂಜೆಗೆ ಹಾಜರಿ ಕಡ್ಡಾಯವೇ ಅಂತ ಅಡ್ಮಿಷನ್ ಆಫೀಸಿಗೆ ಇವತ್ತೇ ಇಮೇಲ್ ಹಾಕಿ. ಫೋನಿನಲ್ಲಿ ಬೇಡ, ಉತ್ತರ ಬರಹದಲ್ಲಿರಲಿ.