ಸಾಪ್‌ವಿತ್ ಕ್ಯಾಮೆಲ್ ಮಾದರಿ ವಿಮಾನದ ಮೂಗಿಗೆ ಸೀಸ ತುಂಬಲೇಬೇಕಾ?

ಬಹುತೇಕ ಹೌದು. 1917ರ ಅಸಲಿ ಕ್ಯಾಮೆಲ್, ಅಂದರೆ ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನದ ಮೂಗು ತೀರಾ ಗಿಡ್ಡ. ಆದರೆ ಅದರಲ್ಲಿ ಭಾರದ ರೋಟರಿ ಎಂಜಿನ್ ಇತ್ತು. ಪ್ರೊಪೆಲ್ಲರ್ ಜೊತೆ ಇಡೀ ಎಂಜಿನ್ನೇ ಗಿರಗಿರ ತಿರುಗುತ್ತಿತ್ತು. 1:6 ಅಳತೆಯಲ್ಲಿ, ಅಂದರೆ ಸುಮಾರು 142 ಸೆಂ.ಮೀ. ರೆಕ್ಕೆಯ ಮಾದರಿಯಲ್ಲಿ, ಆ ಜಾಗದಲ್ಲಿ ಕೂರುವುದು ಹಗುರವಾದ ಬ್ರಷ್‌ಲೆಸ್ ವಿದ್ಯುತ್ ಮೋಟರ್. ಬಾಲ ಭಾರವಾಗದೆ ಇರುತ್ತಾ? ಹಾಗೇ ಹಾರಿಸಿದರೆ ಎಲಿವೇಟರ್ (ಮೂಗನ್ನು ಮೇಲೆ-ಕೆಳಗೆ ಮಾಡುವ ಬಾಲದ ಪಟ್ಟಿ) ಸ್ವಲ್ಪ ಎಳೆದರೂ ಮೂಗೆತ್ತಿ, ಸ್ಟಾಲ್ ಆಗಿ, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿದು, ಬೀಳುತ್ತದೆ.

ಆದರೂ ಸೀಸ ಕೊನೆಯ ಉಪಾಯ. ಮೊದಲು ಬಾಲವನ್ನು ಆದಷ್ಟು ಹಗುರವಾದ ಬಾಲ್ಸಾ ಮರದಲ್ಲಿ ಕಟ್ಟಿ. ಬಾಲ ದೂರದಲ್ಲಿದೆ ಅಲ್ವಾ, ಅಲ್ಲಿ ಒಂದು ಗ್ರಾಂ ಉಳಿಸಿದರೆ ಮೂಗಿನಲ್ಲಿ ಹಲವು ಗ್ರಾಂ ಉಳಿಯುತ್ತದೆ. ಬ್ಯಾಟರಿ, ಸರ್ವೋಗಳನ್ನು (ಎಲಿವೇಟರ್‌ನಂಥ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟರ್‌ಗಳು) ಮುಂದಕ್ಕೆ ತಳ್ಳಿ. ಮೂಗಿನಲ್ಲಿ ಕಾಣುವ ತೋರಿಕೆಯ ಎಂಜಿನ್ ಸಿಲಿಂಡರ್‌ಗಳನ್ನು ಥರ್ಮಾಕೋಲ್ ಬದಲು ರೆಸಿನ್‌ನಲ್ಲಿ ಎರಕ ಹೊಯ್ಯಿರಿ. ತೂಕವೂ ಸಿಗುತ್ತದೆ, ನೋಡೋಕೂ ಚಂದ.