ಫೋನಿಗೆ ಅಡಾಪ್ಟರಾ, ಕೇಬಲಲ್ಲೇ ಕರೆಂಟಾ?

ಪ್ರಶ್ನೆ: ಸರ್ ನಮಸ್ಕಾರ. ತುಮಕೂರಲ್ಲಿ ನಮ್ದೊಂದು ಟ್ಯಾಕ್ಸ್ ಕನ್ಸಲ್ಟೆನ್ಸಿ ಆಫೀಸಿದೆ, ಎರಡು ಫ್ಲೋರು. ಹಳೆ ಇಂಟರ್‌ಕಾಂ ತೆಗ್ದು 12 ಐಪಿ ಫೋನ್ (ನೆಟ್ ಕೇಬಲ್ಲಲ್ಲಿ ನಡೆಯೋ ಫೋನ್) ಹಾಕಿಸ್ತಿದೀವಿ. ಒಬ್ರು ಪ್ರತಿ ಫೋನಿಗೂ ಅಡಾಪ್ಟರ್ ತಗೊಳ್ಳಿ ಖರ್ಚು ಕಮ್ಮಿ ಅಂತಾರೆ, ಇನ್ನೊಬ್ರು ಪಿಒಇ (ಪವರ್ ಓವರ್ ಈಥರ್ನೆಟ್) ಸ್ವಿಚ್ಚೇ ಹಾಕ್ಸಿ ಅಂತಾರೆ. ಕರೆಂಟ್ ಹೋದಾಗ್ಲೂ ಫೋನ್ ನಡೀಬೇಕು. ಏನ್ಮಾಡ್ಲಿ?
– ಓದುಗರು, ತುಮಕೂರು

ಉತ್ತರ: ಎರಡು ಮೂರು ಫೋನಾಗಿದ್ರೆ ಅಡಾಪ್ಟರ್ ಸಾಕು ಅಂತಿದ್ದೆ. 12 ಅಂದ್ರೆ ಪಿಒಇ ಸ್ವಿಚ್ಚೇ ಹಾಕ್ಸಿ, ಸ್ವಿಚ್ ಅಂದ್ರೆ ಇಲ್ಲಿ ಎಲ್ಲಾ ಫೋನಿನ ನೆಟ್ ಕೇಬಲ್ ಬಂದು ಸೇರೋ ಡಬ್ಬಿ. ಕಾರಣ ನೀವೇ ಕೊನೇಲಿ ಬರ್ದಿದೀರಿ. ಹಳೆ ಲ್ಯಾಂಡ್‌ಲೈನು ಮನೇಲಿ ಕರೆಂಟಿಲ್ದಿದ್ರೂ ರಿಂಗ್ ಆಗ್ತಿತ್ತಲ್ಲ, ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟು ಅದೇ ತಂತೀಲಿ ಬರ್ತಿತ್ತು ನೋಡಿ, ಪಿಒಇನೂ ಹೆಚ್ಚುಕಮ್ಮಿ ಹಂಗೇ, ನೆಟ್ ಬರೋ ಕೇಬಲ್ಲಲ್ಲೇ ಫೋನಿಗೆ ಕರೆಂಟೂ ಬರುತ್ತೆ. ಸ್ವಿಚ್ ಇರೋ ಕಡೆ ಒಂದು ಯುಪಿಎಸ್ ಇಟ್ರೆ 12 ಫೋನೂ ಬದುಕಿರುತ್ವೆ. ಅಡಾಪ್ಟರಾದ್ರೆ ಪ್ರತಿ ಟೇಬಲ್ಲಿಗೂ ಯುಪಿಎಸ್ ಲೈನ್ ಎಳೀಬೇಕು, ಆಗ ಉಳಿಸಿದ ದುಡ್ಡು ಎಲ್ಲಿ ಉಳೀತು?

ಇನ್ನೊಂದು, ಅಡಾಪ್ಟರ್‌ಗಳು ಅದಲುಬದಲಾಗ್ತವೆ. ನಮ್ಮ ಆಫೀಸಲ್ಲೇ ಆಗಿದೆ, ರೌಟರಿನ 12 ವೋಲ್ಟಿನ ಅಡಾಪ್ಟರು 5 ವೋಲ್ಟಿನ ಫೋನಿಗೆ ಸರಿಯಾಗಿ ಕೂತ್ಕೊಳ್ತು, ಪಿನ್ ಒಂದೇ ಥರ, ಚುಕ್ ಅಂತ ಸಣ್ಣ ಸದ್ದು, ಸುಟ್ಟ ವಾಸನೆ, ಅಷ್ಟೇ, ಫೋನ್ ಮತ್ತೆ ಏಳ್ಲಿಲ್ಲ. ಸ್ಟ್ಯಾಂಡರ್ಡ್ ಪಿಒಇ ಸ್ವಿಚ್ಚು ಮೊದ್ಲು ಆ ಕಡೆ ಇರೋ ಸಾಧನ ಕರೆಂಟ್ ತಗೊಳ್ಳುತ್ತಾ ಅಂತ ಪರೀಕ್ಷೆ ಮಾಡಿ ಆಮೇಲೇ ಬಿಡುತ್ತೆ, ಲ್ಯಾಪ್‌ಟಾಪ್ ಚುಚ್ಚಿದ್ರೂ ಏನೂ ಆಗಲ್ಲ. ಆದ್ರೆ ವೈಫೈ ಡಬ್ಬಿಗಳ ಜೊತೆ ಬರೋ 24 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್ (ನೆಟ್ ಕೇಬಲ್ಲಿಗೆ ಕರೆಂಟ್ ಸೇರಿಸೋ ಸಣ್ಣ ಡಬ್ಬಿ) ಹಂಗೆ ಕೇಳಲ್ಲ, ಸೀದಾ ಕೊಟ್ಬಿಡುತ್ತೆ, ಅದನ್ನ ಫೋನಿನ ಹತ್ರ ತರ್ಬೇಡಿ.

ಸ್ವಿಚ್ ತಗೊಳ್ವಾಗ ಪೋರ್ಟ್ ಎಷ್ಟು ಅಂತ ಮಾತ್ರ ನೋಡಿದ್ರೆ ಸಾಲ್ದು, ಒಟ್ಟು ಎಷ್ಟು ವ್ಯಾಟ್ ಕೊಡುತ್ತೆ ಅಂತ ಕೇಳಿ, ಎಲ್ಲಾ ಪೋರ್ಟಿಗೂ ಒಟ್ಟಿಗೆ ಪೂರ್ತಿ ಪವರ್ ಕೊಡೋ ಸ್ವಿಚ್ಚು ಕಮ್ಮಿ. ಪಿಒಇಗೆ ಇರೋ 2003ರ 802.3 ಎಎಫ್ ಸ್ಟ್ಯಾಂಡರ್ಡ್ ಪ್ರಕಾರ ಒಂದು ಪೋರ್ಟಿಂದ 15.4 ವ್ಯಾಟ್ ಹೊರಡುತ್ತೆ, ಸಾಧನಕ್ಕೆ ತಲುಪೋದು 12.95. ಸಾಧಾರಣ ಫೋನಿಗೆ ಅಷ್ಟೆಲ್ಲ ಬೇಡ, ಕ್ಲಾಸ್ 2 (ಎಷ್ಟು ಪವರ್ ಬೇಕು ಅಂತ ಹೇಳೋ ವರ್ಗ) ಫೋನಾದ್ರೆ ಹೆಚ್ಚಂದ್ರೆ 6.49 ವ್ಯಾಟ್, 12ಕ್ಕೆ ಸುಮಾರು 78 ಆಯ್ತು. ಮುಂದೆ ನಾಕು ಫೋನೋ ಒಂದೆರಡು ಕ್ಯಾಮೆರಾನೋ ಸೇರುತ್ತೆ ಅಂತ 120ರ ಮೇಲಿರೋದು ತಗೊಳ್ಳಿ.

ಕೇಬಲ್ಲಲ್ಲಿ ಮಾತ್ರ ದಯವಿಟ್ಟು ಉಳಿಸಬೇಡಿ. ಅಗ್ಗಕ್ಕೆ ಸಿಗೋ ಸಿಸಿಎ ಕೇಬಲ್ ಅಂದ್ರೆ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ, ಕರೆಂಟ್ ಹರಿದ್ರೆ ಬಿಸಿಯಾಗುತ್ತೆ, ವೋಲ್ಟೇಜೂ ದಾರೀಲೇ ಬೀಳುತ್ತೆ. ತುದಿ ಸ್ವಲ್ಪ ಕೆರೆದು ನೋಡಿ, ಬೆಳ್ಳಗೆ ಕಂಡ್ರೆ ವಾಪಸ್ ಕೊಡಿ. ಶುದ್ಧ ತಾಮ್ರದ ಕ್ಯಾಟ್ 6 ನೆಟ್ ಕೇಬಲ್ ಹಾಕ್ಸಿ, ಸ್ವಿಚ್ಚಿಂದ ಫೋನಿಗೆ 100 ಮೀಟರ್ ದಾಟಬಾರ್ದು.

ಯುಪಿಎಸ್ಸಿಗೆ ಸ್ವಿಚ್ ಜೊತೆ ರೌಟರು, ಫೈಬರ್ ಡಬ್ಬಿ ಎರಡನ್ನೂ ಸೇರ್ಸಿ, ಇದನ್ನ ಮರೆಯೋರೇ ಜಾಸ್ತಿ, ಫೋನ್ ಲೈಟ್ ಉರೀತಾ ಇರುತ್ತೆ ಆದ್ರೆ ಹೊರಗಿನ ಕಾಲೇ ಬರಲ್ಲ. ಆಫೀಸಲ್ಲಿ ಇನ್ವರ್ಟರ್ ಇದ್ರೆ ಅದಕ್ಕೂ ಹಾಕ್ಬಹುದು, ಆದ್ರೆ ಬೇಗ ಬದಲಾಗೋ ಯುಪಿಎಸ್ ಮೋಡಲ್ಲಿಡಿ, ಇಲ್ಲಾಂದ್ರೆ ಕರೆಂಟ್ ಬದಲಾಗೋ ಹೊತ್ತಿಗೆ ಎಲ್ಲಾ ಫೋನೂ ಒಟ್ಟಿಗೆ ರೀಸ್ಟಾರ್ಟ್ ಆಗಿ ನಡುವೆ ಮಾತಾಡ್ತಿದ್ದ ಕಾಲ್ ಕಟ್ಟಾಗ್ಬಹುದು.

ಫೋನ್ ಹಿಂದೆ ಸಾಮಾನ್ಯವಾಗಿ ಎರಡು ಕಿಂಡಿ ಇರುತ್ತೆ, ಸ್ವಿಚ್ಚಿನ ಕೇಬಲ್ಲು ನೆಟ್ ಅಂತಿರೋದಕ್ಕೇ ಹೋಗ್ಬೇಕು, ಪಿಸಿ ಅಂತಿರೋದಕ್ಕೆ ಹಾಕಿದ್ರೆ ಫೋನ್ ಆನೇ ಆಗಲ್ಲ. ಕೊನೇ ಬಿಲ್ ಕೊಡೋ ಮುಂಚೆ ಕೆಲಸ ಮಾಡಿದವ್ರನ್ನ ನಿಲ್ಲಿಸ್ಕೊಂಡೇ ಮೇನ್ ಸ್ವಿಚ್ ಆಫ್ ಮಾಡಿ, ಮೇಲಿನ ಫ್ಲೋರಿನ ಫೋನಿಂದ ನಿಮ್ಮ ಮೊಬೈಲಿಗೆ ಒಂದು ಕಾಲ್ ಮಾಡ್ಸಿ, ಒಂದೈದು ನಿಮಿಷ ಮಾತಾಡಿ ನೋಡಿ.